ತುಕ್ಕಿಗೆ ಮಳೆಯನ್ನೇಕೆ ಬೈಯುತ್ತೀರಿ?

ಮಿಶಿಗನ್‌ನಿಂದ ಊರಿಗೆ ಫೋನು ಮಾಡಿ, ‘ಪಿಕಪ್ಪಿನ ಬಾಡಿ ಇಷ್ಟು ಬೇಗ ತೂತು ಬಿತ್ತಾ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಕೊಡಗಿನ ಮಳೆಗೆ ಯಾವ ತಗಡು ನಿಲ್ತದೆ ಮಾರಾಯ?’ ಹೇಳುವವರ ದನಿಯಲ್ಲಿ ಬೇಸರ ಕೂಡ ಇರುವುದಿಲ್ಲ. ಚುಚ್ಚುವುದು ಅದೇ.

ಮಳೆ ನೇರವಾಗಿ ಬೀಳುವುದು ಕ್ಯಾಬಿನ್ನಿನ ತಲೆ ಮೇಲೆ. ಅದು ಮೊದಲು ಹೋಗುತ್ತದೆಯೇ? ಇಲ್ಲ. ಹೋಗುವುದು ಹಿಂಬಾಗಿಲಿನ ಕೆಳಮಡಿಕೆ, ತಳದ ತಗಡು ಪಕ್ಕದ ತಗಡಿಗೆ ಸೇರುವ ಮೂಲೆ, ತಳದಡಿಯ ಅಡ್ಡಪಟ್ಟಿ. ಅಂದರೆ ಹೊತ್ತ ಸರಕಿನ ಪುಡಿ ಜಾರಿ ಕೂರುವ ಜಾಗಗಳು. ತೋಟಕ್ಕೆ ಒಯ್ಯುವ ಪೊಟ್ಯಾಶ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವುದು ಸೋಡಿಯಂ ಕ್ಲೋರೈಡ್. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಆಳದಲ್ಲಿ ಅದರ ಗಣಿ ಇದೆ. ಕಬ್ಬಿಣ ತಿನ್ನುವ ಕ್ಲೋರೈಡ್ ಎರಡರಲ್ಲೂ ಇರುವುದೇ. ಇಲ್ಲಿ ಅದು ಗಾಡಿಯನ್ನು ಕೆಳಗಿನಿಂದ ತಿನ್ನುತ್ತದೆ, ನಮ್ಮಲ್ಲಿ ಸರಕು ತುಂಬುವ ತೊಟ್ಟಿಯ ಒಳಗಿನಿಂದ. ಇಲ್ಲಿಯವರಿಗೆ ಶತ್ರು ಯಾರೆಂದು ಗೊತ್ತು. ಚಳಿಗಾಲದಲ್ಲಿ ಗಾಡಿಯ ಹೊಟ್ಟೆ ತೊಳೆಸುವುದಕ್ಕೇ ದುಡ್ಡು ಕೊಡುತ್ತಾರೆ. ನಮ್ಮವರು ಗೊಬ್ಬರ ಇಳಿಸಿ, ಪೊರಕೆಯಲ್ಲಿ ಎರಡು ಸಲ ಗುಡಿಸಿ, ಶೆಡ್ಡಿನಲ್ಲಿ ನಿಲ್ಲಿಸಿ ಮಳೆಯನ್ನು ಬೈಯುತ್ತಾರೆ. ಅದೇ ಗಾಡಿಯನ್ನು ಹಿಂಬಾಗಿಲು ತೆರೆದು, ಮೂತಿ ಏರುಮುಖವಾಗಿ ಮಳೆಗೇ ಬಿಟ್ಟಿದ್ದರೆ ಅರ್ಧ ಉಪ್ಪು ತೊಳೆದುಹೋಗುತ್ತಿತ್ತು. ಇಳಿಜಾರಿಗೆ ಕೊಡಗಿನಲ್ಲಿ ಬರವೇ?

ಈಚೆಗೆ ಊರಿನ ಹುಡುಗರಿಗೆ ಅಲ್ಯೂಮಿನಿಯಂ ಹುಚ್ಚು. ಅಮೆರಿಕದ ಪಿಕಪ್ಪು ಫೋರ್ಡ್ ಎಫ್-150, 2015ರ ಮಾದರಿಯಿಂದ ಅಲ್ಯೂಮಿನಿಯಂ ಬಾಡಿಯಲ್ಲೇ ಬರುತ್ತಿದೆ, ನಮಗೇಕೆ ಬೇಡ ಎಂಬ ವಾದ. ತೂಕದ ಲಾಭ ಸುಳ್ಳಲ್ಲ: ಎರಡೂವರೆ ಮೀಟರ್ ಉದ್ದ, 1.7 ಮೀಟರ್ ಅಗಲದ ತಳಕ್ಕೆ 3 ಎಂಎಂ ಉಕ್ಕು ಹಾಕಿದರೆ ಸುಮಾರು 100 ಕೆಜಿ, 4 ಎಂಎಂ ಅಲ್ಯೂಮಿನಿಯಂ ಹಾಕಿದರೆ 46 ಕೆಜಿ. ಆದರೆ ಎಫ್-150ರಲ್ಲಿ ಯಾರೂ ತೋಟದ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ ಹೊರುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆಜಿ ಸುಣ್ಣ ಕಲಸಿ, ಕತ್ತಿಯ ಅಲಗು ಅದ್ದಿ ನೋಡುತ್ತೀರಲ್ಲ? ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಇನ್ನಷ್ಟು ಸುರಿಯುತ್ತೀರಿ. ಅಲಗಿಗೆ ಆದದ್ದೇ ಅಲ್ಯೂಮಿನಿಯಂ ತಳಕ್ಕೂ ಆಗುತ್ತದೆ, ಇನ್ನೂ ಕೆಟ್ಟದಾಗಿ: ಕೂತ ತಾಮ್ರದ ಒಂದೊಂದು ಚುಕ್ಕೆಯ ಸುತ್ತ ಗುಳಿ ಬೀಳುತ್ತಾ ಹೋಗುತ್ತದೆ. ಸುಣ್ಣ ಚೆಲ್ಲಿದರೂ ಕಷ್ಟವೇ, ಅದೂ ಅಲ್ಯೂಮಿನಿಯಂ ತಿನ್ನುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸುಣ್ಣ ಕಲಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಉಕ್ಕಿನ ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಉಕ್ಕಿನ ಬೋಲ್ಟಿನಲ್ಲೇ ಬಿಗಿದು ನಡುವೆ ರಬ್ಬರೋ ನೈಲಾನ್ ವಾಷರೋ ಹಾಕದಿದ್ದರೆ, ತೇವದಲ್ಲಿ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಚೆನ್ನ, ಬೆಲೆ ಚೆನ್ನಾಗಿಲ್ಲ. ಅದರಲ್ಲಿ ಸಾಮಾನ್ಯವಾಗಿ ಸಿಗುವ 304 ದರ್ಜೆ ಕೂಡ ಕ್ಲೋರೈಡ್ ನಿಂತಲ್ಲಿ ಚುಕ್ಕಿಚುಕ್ಕಿಯಾಗಿ ತೂತು ಬೀಳುತ್ತದೆ. ಫೈಬರ್ ತೊಟ್ಟಿಗೆ ತುಕ್ಕಿಲ್ಲ, ಸೈಜುಗಲ್ಲು ಎಸೆದರೆ ಬಿರುಕು.

ಕೊಡಗಿಗೆ ಒಪ್ಪುವುದು ಸತುವಿನ ಲೇಪವಿರುವ ಉಕ್ಕು, ಅದೂ ಕೇಳಿ ಕೊಂಡದ್ದು. ‘ಜಿಐ ಶೀಟ್’ ಎಂದಷ್ಟೇ ಹೇಳಿದರೆ 120 ಜಿಎಸ್‌ಎಂ (ಚದರ ಮೀಟರಿಗೆ ಎರಡೂ ಬದಿ ಸೇರಿ ಇಷ್ಟು ಗ್ರಾಂ ಸತು) ಕೊಟ್ಟು ಕಳಿಸುತ್ತಾರೆ: ಒಂದು ಬದಿಗೆ ಎಂಟೊಂಬತ್ತು ಮೈಕ್ರಾನ್ ಸತು, ಅಷ್ಟೆ. ಪಕ್ಕದ ತಗಡಿಗೆ 275 ಬೇಕು, ಆಗ ಇಪ್ಪತ್ತರ ಹತ್ತಿರ ಬರುತ್ತದೆ. ತಳಕ್ಕೆ 3 ಎಂಎಂ ಚೆಕರ್ ಪ್ಲೇಟ್, ಅಂದರೆ ಉಬ್ಬುಗೆರೆಯ ತಗಡು. ಅಡ್ಡಪಟ್ಟಿಗೆ ಪೈಪ್ ಬೇಡ, ತೆರೆದ ಸಿ-ಚಾನೆಲ್ ಇರಲಿ. ಪೈಪಿನೊಳಗೆ ಹೋದ ನೀರು ಹೊರಬರುವುದಿಲ್ಲ. ಚಾನೆಲ್ಲಿಗೆ ತಳವನ್ನು ಅಲ್ಲಲ್ಲಿ ಟಾಕಿ ಹಾಕಿ ಬಿಡದೆ ಉದ್ದಕ್ಕೂ ವೆಲ್ಡ್ ಮಾಡಿಸಿ. ನಡುವೆ ಉಳಿದ ಕೂದಲೆಳೆಯ ಸಂದು ನೀರನ್ನು ಎಳೆದುಕೊಂಡು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ನಾಲ್ಕು ಮೂಲೆಗೂ 12 ಎಂಎಂ ತೂತು ಕೊರೆಸಿ.

ವೆಲ್ಡಿಂಗ್ ಮಾಡಿದಲ್ಲಿ ಸತು ಬಿಳಿ ಹೊಗೆಯಾಗಿ ಹೋಗುತ್ತದೆ (ಆ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ). ಆದ್ದರಿಂದ ತಳ, ಚಾನೆಲ್ ಎರಡನ್ನೂ ಲೇಪವಿಲ್ಲದ ಕಪ್ಪು ಉಕ್ಕಿನಲ್ಲೇ ಪೂರ್ತಿ ಕಟ್ಟಿಸಿ, ಆಮೇಲೆ ಕರಗಿದ ಸತುವಿನಲ್ಲಿ ಅದ್ದಿಸುವುದು ಒಳ್ಳೆಯದು. ಪಕ್ಕದ ತೆಳು ತಗಡು ಆ 450 ಡಿಗ್ರಿಗೆ ಸೊಟ್ಟಗಾಗುತ್ತದೆ, ಅದನ್ನು ಬೇರೆಯಾಗಿ ಬೋಲ್ಟ್ ಹಾಕಿ ಕೂಡಿಸಿ. ಅದ್ದಿಸಲು ಅನುಕೂಲವಿಲ್ಲವೇ? ವೆಲ್ಡನ್ನು ಹೊಳೆಯುವಷ್ಟು ಉಜ್ಜಿ ಜಿಂಕ್ ರಿಚ್ ಪ್ರೈಮರ್ (ಸತುವಿನ ಪುಡಿ ತುಂಬಿದ ಅಡಿಬಣ್ಣ) ಬಳಿಸಿ. ಸತುವಿನ ಮೇಲೆ ನೇರವಾಗಿ ಎನಾಮಲ್ ಬಳಿದರೆ ಹಾಳೆಹಾಳೆಯಾಗಿ ಏಳುತ್ತದೆ, ಮೊದಲು ಎಚ್ (etch) ಪ್ರೈಮರ್, ಅಂದರೆ ಸತುವನ್ನು ಕಚ್ಚಿ ಹಿಡಿಯುವ ಅಡಿಬಣ್ಣ ಬೇಕು. ಮೈಲುತುತ್ತ ಸತುವನ್ನೂ ಬಿಡುವುದಿಲ್ಲವಾದ್ದರಿಂದ ಡ್ರಮ್ಮಿನಡಿಗೆ ರಬ್ಬರ್ ಮ್ಯಾಟ್ ಹಾಸಿ, ಕೆಲಸ ಮುಗಿದೊಡನೆ ಎತ್ತಿ ತೊಳೆಯಿರಿ. ಎತ್ತದ ಮ್ಯಾಟು ತುಕ್ಕಿಗೆ ಹೊದಿಕೆ.

ಇಷ್ಟೆಲ್ಲ ಬೈದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಇದೆ. ಕೊಳೆತ ತಳ ಕತ್ತರಿಸಿ ಹೊಸದು ಕೂರಿಸುವ ಕೆಲಸಕ್ಕೆ ಇಲ್ಲಿ ಮಿಶಿಗನ್‌ನಲ್ಲಿ ಕೇಳುವ ಕೂಲಿಯಲ್ಲಿ ಊರಿನ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಇಡೀ ಬಾಡಿ ಕಟ್ಟಿಸಬಹುದು. ಅಲ್ಯೂಮಿನಿಯಂ ಆಗಿದ್ದರೆ ಆರ್ಗಾನ್ ವೆಲ್ಡರನ್ನು ಹುಡುಕಿಕೊಂಡು ಅಲೆಯಬೇಕು. ಇಲ್ಲಿಯವರ ಜಾಣತನಕ್ಕೂ ಮಿತಿ ಇದೆ: ಎಫ್-150ರ ಮೈ ಅಲ್ಯೂಮಿನಿಯಂ, ಚಾಸಿ ಮಾತ್ರ ಉಕ್ಕೇ. ರಸ್ತೆಯ ಉಪ್ಪು ಅದನ್ನು ತಿಂದರೆ ಬಾಡಿ ಎಷ್ಟು ಹೊಳೆದರೂ ಗಾಡಿ ಗುಜರಿಗೆ. ಕೊಡಗಿನಲ್ಲಿ ಎರಡು ಬಾಡಿ ಕಂಡ ಚಾಸಿ ಇನ್ನೂ ಕಾಫಿ ಮೂಟೆ ಹೊರುತ್ತಿರುತ್ತದೆ.