ಸ್ಪಷ್ಟನೆ: ವಿಎಂನ ಡೆಲ್ಟಾ ಫೈಲ್ ಅಳಿಸಬೇಡಿ

ವರ್ಚುವಲ್ ಮಷಿನ್ (ವಿಎಂ, ಅಂದರೆ ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ಓಡುವ ಕಂಪ್ಯೂಟರ್) ಓಡಿಸುವ ವಿಎಂವೇರ್‌ನಲ್ಲಿ ಡೇಟಾಸ್ಟೋರ್ (ವಿಎಂ ಫೈಲ್‌ಗಳಿರುವ ಜಾಗ) ತುಂಬಿ ವಿಎಂ ನಿಧಾನವಾದರೆ, ಫೋಲ್ಡರ್‌ನಲ್ಲಿರುವ ‘000001-ಡೆಲ್ಟಾ’ ಥರದ ಫೈಲ್‌ಗಳನ್ನು ಸುಮ್ನೆ ಡಿಲೀಟ್ ಮಾಡಿ, ಅವು ಹಳೇ ಸ್ನ್ಯಾಪ್‌ಶಾಟ್ (ವಿಎಂ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೆ ಉಳಿಸಿಟ್ಟಿದ್ದು) ಅಷ್ಟೇ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಸ್ನ್ಯಾಪ್‌ಶಾಟ್ ಮಾಡಿದ ಮೇಲೆ ಮೂಲ ಡಿಸ್ಕ್‌ಗೆ ಏನೂ ಬರೆಯುವುದಿಲ್ಲ. ಆಮೇಲಿನ ಪ್ರತಿ ಬದಲಾವಣೆಯೂ ಡೆಲ್ಟಾಗೇ ಹೋಗುತ್ತದೆ. ಹಳೆಯದು ಮೂಲ ಡಿಸ್ಕ್, ಹೊಸದೇ ಡೆಲ್ಟಾ! ಅದನ್ನು ಅಳಿಸಿದರೆ ಇವತ್ತಿನ ಡೇಟಾ ಹೋಯ್ತು, ವಿಎಂ ಕೂಡ ಆನ್ ಆಗಲಿಕ್ಕಿಲ್ಲ.

ಜಾಗ ಬೇಕಿದ್ದರೆ ಸ್ನ್ಯಾಪ್‌ಶಾಟ್ ಮ್ಯಾನೇಜರ್‌ನಲ್ಲೇ ಡಿಲೀಟ್ ಕೊಡಿ. ಆಗ ಡೆಲ್ಟಾ ಮೂಲ ಡಿಸ್ಕ್‌ಗೆ ಸೇರಿಕೊಳ್ಳುತ್ತದೆ. ಡೆಲ್ಟಾ ದೊಡ್ಡದಿದ್ದರೆ ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ನಿಲ್ಲಿಸಬೇಡಿ. ಸ್ನ್ಯಾಪ್‌ಶಾಟ್ ಪಟ್ಟಿ ಖಾಲಿಯಿದ್ದೂ ಡೆಲ್ಟಾ ಉಳಿದಿದ್ದರೆ ಕನ್ಸಾಲಿಡೇಟ್ (ಉಳಿದ ಡೆಲ್ಟಾವನ್ನು ಮೂಲ ಡಿಸ್ಕ್‌ಗೆ ಸೇರಿಸುವ ಆಯ್ಕೆ) ಮಾಡಿ. ಒಂದು ಸ್ನ್ಯಾಪ್‌ಶಾಟ್ 72 ಗಂಟೆಗಿಂತ ಜಾಸ್ತಿ ಇರಬಾರದು ಅನ್ನುವುದು ವಿಎಂವೇರ್‌ನದೇ ಸಲಹೆ.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.