ಸ್ಪ್ರಿಟ್ಜ್ ಅಂದ್ರೆ ಬರೀ ಕಿತ್ತಳೆ ಬಣ್ಣದ ಗ್ಲಾಸಲ್ಲ

ಇಟಲಿಯಲ್ಲಿ ಊಟಕ್ಕೆ ಮುಂಚೆ ಕುಡಿಯುವ ಸ್ಪ್ರಿಟ್ಜ್ ಅಂದ ಕೂಡಲೇ ಈಗ ಎಲ್ಲರ ಕಣ್ಣಿಗೂ ಬರೋದು ಒಂದೇ ಚಿತ್ರ. ದೊಡ್ಡ ವೈನ್ ಗ್ಲಾಸು, ತುಂಬಾ ಐಸು, ಕಿತ್ತಳೆ ಬಣ್ಣದ ಪಾನೀಯ, ಅದರೊಳಗೊಂದು ಕಿತ್ತಳೆ ಹೋಳು. ಅಳತೆಯೂ ಒಂದೇ: ಮೂರು ಪಾಲು ಪ್ರೊಸೆಕ್ಕೊ (ಗುಳ್ಳೆಯೇಳುವ ಇಟಲಿಯ ವೈನ್), ಎರಡು ಪಾಲು ಅಪೆರೋಲ್ (ಕಿತ್ತಳೆ ಬಣ್ಣದ, ತುಸು ಕಹಿಯಾದ ಮದ್ಯ), ಒಂದು ಪಾಲು ಸೋಡಾ. ರುಚಿಯಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಇದೊಂದೇ ಅಸಲಿ, ಉಳಿದದ್ದೆಲ್ಲ ನಕಲು ಅಂದರೆ ನಾನು ಖಂಡಿತ ಒಪ್ಪುವುದಿಲ್ಲ.

ಶುರುವಿನಲ್ಲಿ ಇದಕ್ಕೆ ಬಣ್ಣವೇ ಇರಲಿಲ್ಲ. 19ನೇ ಶತಮಾನದ ಬಹುಪಾಲು ವೆನಿಸ್ ಮತ್ತು ಸುತ್ತಲಿನ ವೆನೆಟೊ ಸೀಮೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಇಟಲಿಗೆ ಸೇರಿದ್ದು 1866ರಲ್ಲಿ. ಅಲ್ಲಿಗೆ ಬಂದ ಆಸ್ಟ್ರಿಯಾದ ಸೈನಿಕರಿಗೆ ಆ ಕಡೆಯ ವೈನ್ ತೀರಾ ಖಡಕ್ ಅನ್ನಿಸಿ, ಸ್ವಲ್ಪ ನೀರು ಬೆರೆಸಿಕೊಂಡು ಕುಡಿಯುತ್ತಿದ್ದರು ಅಂತ ಅಲ್ಲಿನವರು ಹೇಳುತ್ತಾರೆ. ನೀರಿನ ಜಾಗಕ್ಕೆ ಸೋಡಾ ಬಂದದ್ದು ಆಮೇಲೆ. ಇವತ್ತಿಗೂ ಟ್ರಿಯೆಸ್ಟೆಯಲ್ಲಿ ಬಿಳಿ ಸ್ಪ್ರಿಟ್ಜ್ ಅಂದರೆ ಬಿಳಿ ವೈನ್ ಮತ್ತು ಸೋಡಾ, ಅಷ್ಟೇ. ಮೊದಲ ಮಹಾಯುದ್ಧ ಮುಗಿಯುವ ತನಕ ಆಸ್ಟ್ರಿಯಾದ್ದೇ ಆಗಿದ್ದ ಊರು ಅದು. ಹಳೇ ರೂಢಿ ಉಳಿದುಕೊಂಡಿದೆ.

ಇದಕ್ಕೆ ಕಹಿ ಮದ್ಯ ಸೇರಿದ್ದು 20ನೇ ಶತಮಾನದಲ್ಲಿ. 1919ರಲ್ಲಿ ವೆನಿಸ್ ಹತ್ತಿರದ ಪಾದುವಾ ಊರಿನ ಮೇಳದಲ್ಲಿ ಬಾರ್ಬಿಯೇರಿ ಸೋದರರು ಅಪೆರೋಲ್ ತಂದರು. ಆಲ್ಕೋಹಾಲ್ ಬರೀ ಶೇ 11, ಸಿಹಿ ಜಾಸ್ತಿ, ಕಹಿ ಕಡಿಮೆ. ಮರುವರ್ಷ ವೆನಿಸ್‌ನಲ್ಲಿ ಸೆಲೆಕ್ಟ್ ಎಂಬ ಇನ್ನೊಂದು ಕಹಿ ಮದ್ಯ ಬಂತು. 1952ರಲ್ಲಿ ಆರ್ಟಿಚೋಕ್ ಎಲೆಯಿಂದ ಮಾಡಿದ ಕಂದು ಬಣ್ಣದ ಚಿನಾರ್ ಬಂತು. ಇದೇ ಜಾತಿಯ ಕಂಪಾರಿ ಇವೆಲ್ಲಕ್ಕಿಂತ ಹಳೆಯದು, 1860ರದ್ದು. ಇಟಲಿಯಲ್ಲಿ ಅದನ್ನು ಮಾರುವುದು ಶೇ 25 ಆಲ್ಕೋಹಾಲ್‌ನಲ್ಲಿ, ಕಹಿಯೂ ಜೋರು.

ಹಾಗಾಗಿ ಊರಿಗೊಂದು ಸ್ಪ್ರಿಟ್ಜ್. ಪಾದುವಾದವರಿಗೆ ಅಪೆರೋಲ್ ಮನೆಮಗ. ವೆನಿಸ್‌ನಲ್ಲಿ ಸ್ಪ್ರಿಟ್ಜ್ ಅಂತಷ್ಟೇ ಕೇಳಿದರೆ ಸಾಲದು, ಯಾವುದು ಹಾಕಬೇಕು ಅಂತಲೂ ಹೇಳಬೇಕು. ಸೆಲೆಕ್ಟಾ, ಕಂಪಾರಿಯಾ, ಚಿನಾರಾ? ನನ್ನ ಓಟು ಸೆಲೆಕ್ಟ್‌ಗೆ. ಅದಕ್ಕೆ ಕಡ್ಡಿಗೆ ಚುಚ್ಚಿದ ದಪ್ಪ ಹಸಿರು ಆಲಿವ್ ಹಾಕಿ ಕೊಡುತ್ತಾರೆ. ಉಪ್ಪುನೀರಲ್ಲಿ ನೆನೆದ ಆಲಿವ್ ಅದು. ಕುಡಿಯುತ್ತಾ ಹೋದ ಹಾಗೆ ಅದರ ಉಪ್ಪು ಮೆಲ್ಲಗೆ ಇಳಿದು ಕಹಿಯ ಜೊತೆ ಸೇರುತ್ತದೆ. ಕೊನೆಗೆ ಕಡ್ಡಿ ಎತ್ತಿ ಕಚ್ಚಿದರೆ, ಆಲಿವ್‌ಗೂ ಗಿಡಮೂಲಿಕೆಯ ಘಾಟು ಹತ್ತಿರುತ್ತದೆ. ಪಕ್ಕದಲ್ಲಿ ಒಣ ಕಾಡ್ ಮೀನನ್ನು ಎಣ್ಣೆಯಲ್ಲಿ ನುಣ್ಣಗೆ ಕಡೆದು ಬ್ರೆಡ್ ತುಂಡಿನ ಮೇಲೆ ಹಚ್ಚಿಕೊಟ್ಟದ್ದು ಇದ್ದರಂತೂ ಕೇಳಲೇಬೇಡಿ. ಊಟಕ್ಕೆ ಮುಂಚೆ ಹಸಿವು ಕೆರಳಿಸಬೇಕಾದ ಪಾನೀಯಕ್ಕೆ ಇದಕ್ಕಿಂತ ಇನ್ನೇನು ಬೇಕು? ಕಿತ್ತಳೆ ಹೋಳಿನ ಸಿಹಿ ಆ ಕೆಲಸ ಮಾಡಲ್ಲ.

ಪಶ್ಚಿಮಕ್ಕೆ ಬ್ರೆಷಾಗೆ ಹೋದರೆ ಪಿರ್ಲೊ ಅನ್ನುತ್ತಾರೆ. ಕಂಪಾರಿ, ಸೋಡಾ, ಮತ್ತು ಗುಳ್ಳೆಯಿಲ್ಲದ ಬಿಳಿ ವೈನ್. ಈ ಮಾತು ಗಮನಿಸಿ. ಪ್ರೊಸೆಕ್ಕೊ ಇಲ್ಲದಿದ್ದರೆ ಸ್ಪ್ರಿಟ್ಜ್ ಅಲ್ಲ ಅಂತ ವಾದ ಮಾಡುವವರು ಹೆಚ್ಚಿದ್ದಾರೆ. ಆದರೆ ಬಹಳ ಕಾಲ ಇದನ್ನು ಮಾಡುತ್ತಿದ್ದುದೇ ಸಾದಾ ವೈನ್‌ನಲ್ಲಿ. ಪ್ರೊಸೆಕ್ಕೊ ತೀರಾ ಇತ್ತೀಚಿನ ಅತಿಥಿ. 2003ರಲ್ಲಿ ಅಪೆರೋಲ್ ಅನ್ನು ಕಂಪಾರಿ ಕಂಪನಿ ಕೊಂಡಿತು. ಆ ಮೇಲಿನ ಜಾಹೀರಾತಿನ ಅಬ್ಬರದಲ್ಲಿ ಒಂದೇ ಬಾಟಲಿ, ಒಂದೇ ಅಳತೆ ಜಗತ್ತೆಲ್ಲ ಸುತ್ತಿತು. ವ್ಯಾಪಾರ ಅಂದರೆ ಹಾಗೇ, ಸರಿ. ಆದರೆ ಆ ಅಳತೆಯನ್ನು ಪರಂಪರೆ ಅಂತ ಕರೆಯುವುದು ಸರಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹೊಸದನ್ನು ಬೇಡ ಅನ್ನುವವಳು ನಾನಲ್ಲ. 2005ರಲ್ಲಿ ಇಟಲಿಯ ಉತ್ತರ ತುದಿಯ ದಕ್ಷಿಣ ಟಿರೋಲ್‌ನ ನಟುರ್ನೊ ಎಂಬ ಊರಿನಲ್ಲಿ ರೋಲಂಡ್ ಗ್ರೂಬರ್ ಎಂಬ ಬಾರ್‌ಟೆಂಡರ್ ಹ್ಯೂಗೊ ಮಾಡಿದ. ಈಗ ಅದಕ್ಕೆ ಹಾಕುವುದು ಪ್ರೊಸೆಕ್ಕೊ, ಸೋಡಾ, ಪುದೀನ, ಜೊತೆಗೆ ಹೂವಿನ ಘಮದ ಎಲ್ಡರ್‌ಫ್ಲವರ್ ಸಿರಪ್. ಕಹಿಯ ಸುಳಿವೇ ಇಲ್ಲ. ಕೆಲವರು ಇದನ್ನು ಸ್ಪ್ರಿಟ್ಜ್ ಸಾಲಿಗೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಅಲ್ಲಿನವರು ತಮ್ಮ ಬೆಟ್ಟದ ಸೀಮೆಯ ರುಚಿ ಹಾಕಿ ಮಾಡಿಕೊಂಡಿದ್ದಾರೆ, ಪಾದುವಾದವರು, ವೆನಿಸ್‌ನವರು ಮಾಡಿದ್ದೂ ಅದನ್ನೇ ಅಲ್ವಾ?