ಕ್ಲೇರ್: ಓಟು ಹಾಕಿ ಗೆಲ್ಲಿಸಿದವರ ಓಟೇ ಹೋಯಿತು

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕ್ಲೇರ್ ಅಂತ ಒಂದು ಜಿಲ್ಲೆ ಇದೆ. 1828ರಲ್ಲಿ ಕ್ಯಾಥೊಲಿಕ್ ವಕೀಲ ಡೇನಿಯಲ್ ಓಕಾನೆಲ್ ಸಂಸತ್ತಿನ ಚುನಾವಣೆ ಗೆದ್ದದ್ದು ಇಲ್ಲಿ. ಮುಂದೆ ಐರ್ಲೆಂಡಿನ ರಾಷ್ಟ್ರಪತಿಯಾದ ಈಮನ್ ಡಿ ವಲೇರಾ 1917ರಲ್ಲಿ ಮೊದಲ ಸಲ ಗೆದ್ದದ್ದೂ ಇದೇ ಜಿಲ್ಲೆಯಲ್ಲಿ. ಕ್ಲೇರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಇಬ್ಬರು ನಾಯಕರಿಂದ ಶುರು ಮಾಡಿ ಅವರಲ್ಲೇ ಮುಗಿಸುತ್ತಾರೆ. ಓಟು ಹಾಕಿದ ಜನರಿಗೆ ಆಮೇಲೆ ಏನಾಯಿತು ಅಂತ ಕೇಳುವವರು ಕಡಿಮೆ. ನನಗೆ ಇಡೀ ಕಥೆಯಲ್ಲಿ ಅದೇ ಮುಖ್ಯ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಆಗ ಐರ್ಲೆಂಡ್ ಲಂಡನ್ ಸಂಸತ್ತಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ಹೆಚ್ಚಿನ ಜನ ಕ್ಯಾಥೊಲಿಕ್ ಕ್ರೈಸ್ತರು. ಅವರಿಗೆ 1793ರಿಂದ ಓಟು ಹಾಕುವ ಹಕ್ಕು ಇತ್ತು. ಆದರೆ ಸಂಸತ್ತಿನಲ್ಲಿ ಕೂರುವಂತಿರಲಿಲ್ಲ. ಕೂರಬೇಕೆಂದರೆ ತಮ್ಮದೇ ಪೂಜೆಯನ್ನು ಮೂಢನಂಬಿಕೆ, ವಿಗ್ರಹಾರಾಧನೆ ಅಂತ ಒಪ್ಪಿ ಪ್ರಮಾಣ ಮಾಡಬೇಕಿತ್ತು. ನಂಬಿಕೆ ಇರುವ ಯಾರು ತಾನೇ ಅದಕ್ಕೆ ಒಪ್ಪುತ್ತಾರೆ?

ಓಟಿದ್ದವರಲ್ಲಿ ಹೆಚ್ಚಿನವರು 'ನಲವತ್ತು ಶಿಲ್ಲಿಂಗ್' ಗೇಣಿದಾರರು. ಜೀವಾವಧಿ ಗೇಣಿಗೆ ಹಿಡಿದ ಜಮೀನು, ಗೇಣಿ ಕಳೆದ ಮೇಲೂ ವರ್ಷಕ್ಕೆ 40 ಶಿಲ್ಲಿಂಗ್ ಬಾಳಿದರೆ ಅವನಿಗೆ ಓಟು. ಇಂಥ ಗೇಣಿದಾರರನ್ನು ಜಮೀನ್ದಾರರೇ ಬೇಕೆಂದು ಹೆಚ್ಚಿಸಿಕೊಂಡಿದ್ದರು. ಒಕ್ಕಲು ಜಾಸ್ತಿಯಾದಷ್ಟೂ ಧಣಿಯ ಕೈಯಲ್ಲಿ ಓಟು ಜಾಸ್ತಿ. ಗುಟ್ಟಿನ ಮತದಾನ ಇರಲಿಲ್ಲ. ಕೋರ್ಟಿನ ಕಟ್ಟಡದೊಳಗೆ ನಿಂತು, ಎಲ್ಲರಿಗೂ ಕೇಳುವಂತೆ, ಯಾರಿಗೆ ಓಟು ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಯಾರ ಒಕ್ಕಲು ಯಾರ ಹೆಸರು ಹೇಳಿದ ಅನ್ನುವುದು ಧಣಿಯ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಗೇಣಿ ಬಾಕಿ ಇದ್ದವನನ್ನು ಒಕ್ಕಲೆಬ್ಬಿಸಲು ಬೇರೆ ನೆಪ ಬೇಕಿರಲಿಲ್ಲ.

1828ರಲ್ಲಿ ಕ್ಲೇರ್‌ನ ಸಂಸದ ವೆಸಿ ಫಿಟ್ಜೆರಾಲ್ಡ್ ಮಂತ್ರಿಯಾದ. ಅಂದಿನ ಕಾನೂನಿನ ಪ್ರಕಾರ ಮಂತ್ರಿಯಾದವನು ಮತ್ತೆ ಚುನಾವಣೆಗೆ ನಿಲ್ಲಬೇಕು. ಅವನೇನು ಕೆಟ್ಟವನಲ್ಲ, ಕ್ಯಾಥೊಲಿಕರ ಪರವಾಗಿಯೇ ಇದ್ದವನು. ಆದರೂ ಓಕಾನೆಲ್ ಎದುರು ನಿಂತ. ಕ್ಯಾಥೊಲಿಕನೊಬ್ಬ ಕೂರುವಂತಿರಲಿಲ್ಲ, ಸರಿ, ನಿಲ್ಲಬಾರದು ಅಂತ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ! ಬೆನ್ನಿಗೆ ಕ್ಯಾಥೊಲಿಕ್ ಸಂಘ ಇತ್ತು. ಬಡವರಿಂದ ತಿಂಗಳಿಗೆ ಒಂದು ಪೆನ್ನಿ ಕೂಡಿಸಿ ಬೆಳೆದ ಸಂಘ ಅದು.

ಜುಲೈ ಮೊದಲ ವಾರ ಎನಿಸ್ ಪಟ್ಟಣದಲ್ಲಿ 5 ದಿನ ಮತದಾನ. ಊರೂರಿನಿಂದ ಗೇಣಿದಾರರು ಪಾದ್ರಿಗಳ ಜೊತೆ ಮೆರವಣಿಗೆಯಲ್ಲಿ ನಡೆದು ಬಂದರು. ಗಲಾಟೆ ಆದರೆ ಸರ್ಕಾರಕ್ಕೆ ಸೈನ್ಯ ನುಗ್ಗಿಸಲು ನೆಪ ಸಿಗುತ್ತದೆ ಅಂತ ಹೆಂಡ ಮುಟ್ಟದೆ ಇದ್ದರು. ಧಣಿಯ ಕಡೆಯವರ ಎದುರಲ್ಲೇ ಒಬ್ಬೊಬ್ಬರಾಗಿ ಓಕಾನೆಲ್ ಹೆಸರು ಹೇಳಿದರು. ಓಕಾನೆಲ್‌ಗೆ 2,057, ಫಿಟ್ಜೆರಾಲ್ಡ್‌ಗೆ 982. ಆ 2,057 ಜನರಲ್ಲಿ ಎಷ್ಟೋ ಮಂದಿ ಮನೆಗೆ ಹಿಂತಿರುಗುವಾಗ ಮುಂದಿನ ವರ್ಷ ಈ ಹೊಲ ನಮ್ಮ ಕೈಯಲ್ಲಿ ಇರುತ್ತದೋ ಇಲ್ಲವೋ ಅಂದುಕೊಂಡೇ ನಡೆದಿರಬೇಕು. ಅಂಥ ಧೈರ್ಯವನ್ನು ನಾನು ಬೇರೆ ಯಾವ ಚುನಾವಣೆಯ ಕಥೆಯಲ್ಲೂ ಕಂಡಿಲ್ಲ.

ಲಂಡನ್ ಸರ್ಕಾರ ಹೆದರಿತು. ಇದೇ ಆಟ ಜಿಲ್ಲೆ ಜಿಲ್ಲೆಗೂ ಹಬ್ಬಿದರೆ ದಂಗೆಯೇ ಆಗಬಹುದು ಅಂತ ಮಣಿಯಿತು. 1829ರ ಏಪ್ರಿಲ್ 13ರಂದು ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯುವ ಕಾಯ್ದೆಗೆ ರಾಜನ ಅಂಕಿತ ಬಿತ್ತು. ಅದರ ಜೊತೆಜೊತೆಗೇ ಇನ್ನೊಂದು ಕಾಯ್ದೆ ಬಂತು. ಐರ್ಲೆಂಡಿನ ಜಿಲ್ಲಾ ಕ್ಷೇತ್ರಗಳಲ್ಲಿ ಓಟಿಗೆ ಬೇಕಾದ ಆಸ್ತಿಯ ಮಿತಿ 40 ಶಿಲ್ಲಿಂಗ್‌ನಿಂದ 10 ಪೌಂಡಿಗೆ ಏರಿತು. 10 ಪೌಂಡ್ ಅಂದರೆ 200 ಶಿಲ್ಲಿಂಗ್, ಒಂದೇಟಿಗೆ ಐದು ಪಟ್ಟು. 2 ಲಕ್ಷಕ್ಕೂ ಮೇಲಿದ್ದ ಮತದಾರರ ಸಂಖ್ಯೆ 40 ಸಾವಿರದೊಳಗೆ ಬಂತು. ಬಾಗಿಲು ಒಡೆದವರನ್ನೇ ಹೊರಗೆ ನಿಲ್ಲಿಸಿದರು.

ಲಾಭ ಯಾರಿಗಾಯಿತು ನೋಡಿ. ಸಂಸತ್ತಿಗೆ ಹೋಗಬಲ್ಲ ವಕೀಲರು, ಜಮೀನುಳ್ಳವರು, ದೊಡ್ಡ ಹುದ್ದೆ ಬಯಸುವವರು. ಎನಿಸ್‌ಗೆ ನಡೆದು ಬಂದ ಗೇಣಿದಾರನಿಗೆ ಸಿಕ್ಕಿದ್ದೇನು? ಓಟಿಲ್ಲದ ಮೇಲೆ ಅವನನ್ನು ಜಮೀನಿನಲ್ಲಿ ಇಟ್ಟುಕೊಳ್ಳಲು ಧಣಿಗಿದ್ದ ಒಂದು ಕಾರಣವೂ ಹೋಯಿತು. ಓಕಾನೆಲ್ ಇದನ್ನು ವಿರೋಧಿಸಿದ, ನಿಜ. ಆದರೆ ಒಂದು ವರ್ಷದ ಹಿಂದೆ ಕಟ್ಟಿದಂಥ ಹೋರಾಟವನ್ನು ಇದಕ್ಕಾಗಿ ಕಟ್ಟಲಿಲ್ಲ. 1825ರಲ್ಲೇ ಇಂಥ ಕೊಡುಕೊಳ್ಳುವಿಕೆಗೆ ಒಮ್ಮೆ ತಲೆಯಾಡಿಸಿದ್ದ ಮನುಷ್ಯ ಆತ. ದೊಡ್ಡ ಗೆಲುವಿಗೆ ಸ್ವಲ್ಪ ಬೆಲೆ ತೆರಲೇಬೇಕು ಅಂತ ಸಮರ್ಥಿಸುವವರಿದ್ದಾರೆ. ಬೆಲೆ ತೆತ್ತವರು ಒಬ್ಬರು, ಗೆಲುವು ಪಡೆದವರು ಇನ್ನೊಬ್ಬರು ಅಲ್ವಾ? ನನಗೆ ಇವತ್ತಿಗೂ ಅದು ಒಪ್ಪಿಗೆಯಾಗುವುದಿಲ್ಲ.

ಹೊಸ ಕಾಯ್ದೆ ಬರುವ ಮೊದಲೇ ಗೆದ್ದಿದ್ದರಿಂದ ಓಕಾನೆಲ್‌ಗೆ ಹಳೆಯ ಪ್ರಮಾಣವನ್ನೇ ಕೇಳಿದರು. ಆತ ಮಾಡಲಿಲ್ಲ. 1829ರ ಜುಲೈನಲ್ಲಿ ಮತ್ತೆ ಕ್ಲೇರ್‌ಗೆ ಬಂದು ಅವಿರೋಧವಾಗಿ ಗೆದ್ದ. ಯಾರಾದರೂ ಎದುರು ನಿಂತಿದ್ದರೂ ಹಿಂದಿನ ವರ್ಷ ಅವನನ್ನು ಗೆಲ್ಲಿಸಿದ ಬಡ ಗೇಣಿದಾರರು ಓಟು ಹಾಕುವ ಹಾಗಿರಲಿಲ್ಲ. ಎನಿಸ್ ಪೇಟೆಯ ನಡುವೆ ಈಗ ಎತ್ತರದ ಕಂಬದ ಮೇಲೆ ಓಕಾನೆಲ್ ನಿಂತಿದ್ದಾನೆ.

ಗುಟ್ಟಿನ ಮತದಾನ ಬಂದದ್ದು 1872ರಲ್ಲಿ. ಅದರ ನಂತರದ ಕ್ಲೇರ್ ಬೇರೆಯೇ.

1917ರ ಜೂನ್‌ನಲ್ಲಿ ಪೂರ್ವ ಕ್ಲೇರ್‌ನ ಸಂಸದ ವಿಲ್ಲಿ ರೆಡ್ಮಂಡ್ ಬ್ರಿಟಿಷ್ ಸೈನ್ಯದ ಪರ ಹೋರಾಡುತ್ತಾ ಬೆಲ್ಜಿಯಂನಲ್ಲಿ ಸತ್ತ. ಉಪಚುನಾವಣೆಯಲ್ಲಿ, 1916ರ ಬ್ರಿಟಿಷ್ ವಿರೋಧಿ ದಂಗೆಗಾಗಿ ಜೈಲು ಸೇರಿ ಆಗಷ್ಟೇ ಹೊರಬಂದಿದ್ದ ಡಿ ವಲೇರಾ 5,010 ಓಟು ಪಡೆದ. ಎದುರಾಳಿ ಪ್ಯಾಟ್ರಿಕ್ ಲಿಂಚ್‌ಗೆ 2,035. 1923ರಲ್ಲಿ, ಬ್ರಿಟನ್ ಜೊತೆಗಿನ ಒಪ್ಪಂದದ ಪರ ಮತ್ತು ವಿರೋಧ ಇದ್ದ ಐರಿಷರ ನಡುವಿನ ಅಂತರ್ಯುದ್ಧ ಮುಗಿದ ಹೊಸತರಲ್ಲಿ, ಎನಿಸ್‌ನ ಪ್ರಚಾರ ವೇದಿಕೆ ಹತ್ತಿದ ಡಿ ವಲೇರಾನನ್ನು ಹೊಸ ಐರಿಷ್ ಸರ್ಕಾರದ ಸೈನಿಕರು ಅಲ್ಲೇ ಹಿಡಿದರು. ಜನ 17 ಸಾವಿರಕ್ಕೂ ಜಾಸ್ತಿ ಓಟು ಹಾಕಿ ಗೆಲ್ಲಿಸಿದರು. ಅದೇ ಕ್ಷೇತ್ರದಿಂದ ಸರ್ಕಾರದ ಮಂತ್ರಿ ಓಯಿನ್ ಮೆಕ್‌ನೀಲ್ ಕೂಡ ಗೆದ್ದ.

ಇಬ್ಬರೂ ಹೇಗೆ ಗೆದ್ದರು ಅಂತ ಕೇಳಬಹುದು. 1921ರಿಂದ ಅಲ್ಲಿ ಒಂದು ಕ್ಷೇತ್ರಕ್ಕೆ ಹಲವು ಸ್ಥಾನ. ಮತಪತ್ರದಲ್ಲಿ ಇಷ್ಟವಾದವರ ಹೆಸರಿನ ಮುಂದೆ 1, 2, 3 ಅಂತ ಬರೆಯುತ್ತಾ ಹೋಗಬೇಕು. ನಿಮ್ಮ ಮೊದಲನೆಯವನು ಸೋತರೆ ಅಥವಾ ಬೇಕಾದ್ದಕ್ಕಿಂತ ಹೆಚ್ಚು ಪಡೆದರೆ ಓಟು ಎರಡನೆಯವನಿಗೆ ದಾಟಬಹುದು. ಈ ಪದ್ಧತಿ ತೆಗೆದುಹಾಕಬೇಕು ಅಂತ ಡಿ ವಲೇರಾ 1959ರಲ್ಲಿ ಜನಮತ ಕೇಳಿದ. ಅದೇ ದಿನ ರಾಷ್ಟ್ರಪತಿ ಚುನಾವಣೆಯೂ ಇತ್ತು. ದೇಶದ ಜನ ಅವನನ್ನು ರಾಷ್ಟ್ರಪತಿ ಮಾಡಿದರು, ಅವನ ಪ್ರಸ್ತಾಪವನ್ನು ತಿರಸ್ಕರಿಸಿದರು. 1968ರಲ್ಲಿ ಅವನ ಪಕ್ಷ ಮತ್ತೆ ಕೇಳಿತು. ಮತ್ತೆ ಬೇಡ ಅಂದರು. ನಾಯಕನ ಮೇಲೆ ಪ್ರೀತಿ ಇರಲಿ, ಓಟು ನಮ್ಮ ಕೈಯಲ್ಲೇ ಇರಲಿ ಅನ್ನುವ ಈ ತಿಳಿವಳಿಕೆ ನನಗೆ ತುಂಬಾ ಇಷ್ಟ.

1992ರಲ್ಲಿ ಇದೇ ಕ್ಲೇರ್ ಮೂಸಾಜಿ ಭಾಮ್ಜಿ ಅವರನ್ನು ಗೆಲ್ಲಿಸಿತು. ಭಾರತೀಯ ಮೂಲದವರು, ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, ವೃತ್ತಿಯಲ್ಲಿ ಮನೋವೈದ್ಯರು, ನಿಂತದ್ದು ಲೇಬರ್ ಪಕ್ಷದಿಂದ. ಐರ್ಲೆಂಡಿನ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಂ ಅವರು. ಆ ಸಲ ಕ್ಲೇರ್‌ನ 4 ಸ್ಥಾನಗಳಲ್ಲಿ ಇನ್ನೊಂದನ್ನು ಗೆದ್ದವರು ಡಿ ವಲೇರಾ ಮೊಮ್ಮಗಳು ಶೀಲಾ ಡಿ ವಲೇರಾ. ಯಾವ ಮನೆಯ ಓಟು ಯಾರಿಗೆ ಹೋಯಿತು ಅಂತ ಯಾವ ಧಣಿಗೂ ಗೊತ್ತಾಗಲಿಲ್ಲ.